ಒಂದಿಂಚು ಬಿಡಿ

ಮಧ್ಯಸ್ಥರ ಕೋಣೆಯಲ್ಲಿ ದುಂಡು ಮೇಜು. ಮೂಲೆಯೇ ಇಲ್ಲದಿದ್ದರೆ ಯಾರನ್ನೂ ಮೂಲೆಗುಂಪು ಮಾಡಲಾಗದು ಎಂಬ ಲೆಕ್ಕಾಚಾರವಿರಬೇಕು. ಆದರೂ ಇಂಚಮ್ಮ ಕಿಟಕಿಯ ಪಕ್ಕ ಒಂದು ಮೂಲೆ ಹುಡುಕಿಕೊಂಡು ಕೂತಿದ್ದಳು. ಕಸುಬು ದರ್ಜಿಯದು, ಅಳತೆಯ ಟೇಪು ಸದಾ ಕೊರಳಲ್ಲೇ ಇರುವುದರಿಂದ ಗಿರಾಕಿಗಳು ಇಟ್ಟ ಹೆಸರು. ಇವತ್ತು ಬಂದದ್ದು ಸಾಕ್ಷಿ ಸಹಿಗೆ.

ಮಗನೂ ಸೊಸೆಯೂ ಕೋರ್ಟು ಅಲೆಯದೆ, ಮೂರು ಸಲ ಇಲ್ಲೇ ಕೂತು, ಫ್ರಿಜ್ಜು ಅವನಿಗೆ, ಪುಸ್ತಕದ ಕಪಾಟು ಇವಳಿಗೆ ಎಂದು ಎಲ್ಲ ಇತ್ಯರ್ಥ ಮಾಡಿಕೊಂಡಿದ್ದರು. ಬೇರೆಯಾಗುವುದರಲ್ಲಿ ಮಾತ್ರ ಇಬ್ಬರದೂ ಎಂಥ ಒಂದೇ ಮನಸ್ಸು!

ಮಧ್ಯಸ್ಥರು ಮೂಗಿನಲ್ಲೇ ಕರಡು ಓದಿದರು. "ಒಂಬತ್ತನೆಯದು. ಇನ್ನು ಮುಂದೆ ಒಬ್ಬರ ಕುಟುಂಬದವರೊಡನೆ ಮತ್ತೊಬ್ಬರು ಯಾವುದೇ ಸಂಬಂಧ ಇಟ್ಟುಕೊಳ್ಳತಕ್ಕದ್ದಲ್ಲ."

ಇಂಚಮ್ಮ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಆರು ವರ್ಷದಿಂದ ಅಂಗಡಿಯಲ್ಲಿ ಇವಳು ಕತ್ತರಿಸುವುದು, ಸೊಸೆ ಹೊಲಿಯುವುದು. ಗಿರಾಕಿ ಮೆಟ್ಟಿಲಿಳಿದರೆ ಸಾಕು, ಇವಳು ಅವರ ದನಿ ಅಣಕಿಸುವುದು, ಸೊಸೆ ನಕ್ಕು ನಕ್ಕು ಹೊಲಿಗೆ ಸೊಟ್ಟ ಮಾಡಿಕೊಳ್ಳುವುದು. ಗಂಡ ಹೆಂಡಿರ ನಡುವೆ ಹರಿದದ್ದು ಅವರಿಗೇ ಗೊತ್ತು. ಆದರೆ ನಾಳೆ ಎರಡನೇ ಮಿಷನ್ನಿನ ಮುಂದೆ ಕೂರುವವರು ಯಾರು? 'ಬರ್ತೀಯೇನೇ?' ಎಂದು ಕೇಳಲು ಬಾಯಿ ಬರಲಿಲ್ಲ. ಹೊರಟವಳ ಕಾಲಿಗೆ ದಾರ ಸುತ್ತಬಾರದು.

"ಇಲ್ಲಿ ಸಹಿ ಹಾಕಿ ಅಮ್ಮಾ. ಇಬ್ಬರಿಗೂ ಏನಾಗಬೇಕು ಅಂತ ಪಕ್ಕದಲ್ಲಿ ಬರೀರಿ."

ಇಂಚಮ್ಮ ಮೇಜಿನ ಬಳಿ ಬಂದು ಮಗನ ಹೆಸರಿನೆದುರು 'ತಾಯಿ' ಎಂದು ಬರೆದಳು. ಸೊಸೆಯ ಹೆಸರಿನೆದುರು ಪೆನ್ನು ನಿಂತಿತು.

"ಮಾಜಿ ಅತ್ತೆ ಅಂತ ಬರೀರಿ," ಎಂದರು ಮಧ್ಯಸ್ಥರು.

"ಮಾಜಿ ಆಗೋಕೆ ನಾನೇನು ಮಂತ್ರೀನಾ ಸ್ವಾಮಿ?" ಎಂದವಳು ಅವರದೇ ಮೂಗಿನಲ್ಲಿ ಎಳೆದಳು, "ಇಟ್ಟುಕೊಳ್ಳತಕ್ಕದ್ದಲ್ಲಾ..."

ಸೊಸೆ ಪಕ್ಕನೆ ನಕ್ಕಳು. ಮಗ ಮುಖ ತಿರುಗಿಸಿಕೊಂಡು ನಕ್ಕ. ಮಧ್ಯಸ್ಥರು ಮೂಗು ಮುಟ್ಟಿ ನೋಡಿಕೊಂಡರು. "ಏನು ತೊಡಕು, ಹೇಳಿಬಿಡಿ."

"ಕತ್ತರಿಸೋದು ನನ್ನ ಕಸುಬು, ಬೇಡ ಅನ್ನಲ್ಲ. ಆದ್ರೆ ಗೆರೆ ಮೇಲೇ ಕತ್ತರಿ ಹಾಕೋನು ದರ್ಜಿ ಅಲ್ಲ. ಹೊಲಿಗೆಗೆ ಅಂತ ಆಚೆಗೊಂದು ಇಂಚು ಬಟ್ಟೆ ಬಿಡಬೇಕು. ನೀವು ಬಿಡೋದು, ಬಿಡೋದು ಅಂತ ಬರೆದು, ಬಿಡಬೇಕಾದ್ದನ್ನೇ ಬಿಟ್ಟಿದ್ದೀರಿ."

ಮಧ್ಯಸ್ಥರು ಕನ್ನಡಕ ತೆಗೆದರು. "ಒಂಬತ್ತನೇದು ನಿಮ್ಮಿಬ್ಬರಲ್ಲಿ ಯಾರು ಕೇಳಿದ್ದು?"

"ನಾನಲ್ಲ," ಎಂದ ಮಗ.

"ನಾನೂ ಅಲ್ಲ. ಇವರು ಕೇಳಿದ್ದು ಅಂದ್ಕೊಂಡೆ," ಎಂದಳು ಸೊಸೆ.

ಮಧ್ಯಸ್ಥರು ಕೆಮ್ಮಿದರು. "ಬೇರೆ ಯಾರದೋ ಕರಡಿನಿಂದ ಬಂದುಬಿಟ್ಟಿದೆ."

"ಕರಡಲ್ಲ ಸ್ವಾಮಿ, ಕರಡಿ!"

ಮಗ ತಾಯಿಯನ್ನು ನೋಡಿದ. "ಮೊದಲೇ ಹೇಳಬಾರದಾ ಅಮ್ಮ?"

"ಕೇಳಿದವರು ಯಾರಪ್ಪ?"

ಅವನು ಮಧ್ಯಸ್ಥರ ಕಡೆ ತಿರುಗಿದ. "ಇವಳು ಅಮ್ಮನ ಜೊತೆ ಇರೋದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಅಂಗಡಿಗೆ ಬರೋ ಮುಂಚೆ ನಾನು ಫೋನ್ ಮಾಡ್ತೀನಿ."

ಎಲ್ಲರೂ ಸೊಸೆಯತ್ತ ತಿರುಗಿದರು. ಅವಳು ಇಂಚಮ್ಮನ ಟೇಪಿನ ತುದಿಯನ್ನೇ ಎಳೆದು ಹಾಳೆಯ ಮೇಲಿಟ್ಟು, ಒಂಬತ್ತರ ಉದ್ದಕ್ಕೂ ನೆಟ್ಟಗೆ ಗೆರೆ ಹೊಡೆದಳು. "ಅತ್ತೆ ಅಂತಲೇ ಬರೀರಿ."

ಇಂಚಮ್ಮ ಬರೆದಳು. ಮಧ್ಯಸ್ಥರು ಬಗ್ಗಿ ನೋಡಿದರು. "ಅತ್ತೆ. ಇದು ಸಂಬಂಧವೋ, ಕ್ರಿಯಾಪದವೋ?"

"ಎರಡೂ," ಎಂದು ಇಂಚಮ್ಮ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಮೇಷ್ಟ್ರ ಕೋಟು ಬಾಕಿ ಇದೆ ಅತ್ತೆ. ನಾಳೆ ಒಂಬತ್ತಕ್ಕೆ ಬರ್ತೀನಿ."

"ಒಂಬತ್ತನ್ನ ಈಗ ತಾನೇ ಹೊಡೆದು ಹಾಕಿದೆಯಲ್ಲೇ! ಎಂಟೂವರೆಗೇ ಬಾ."