ಭಂಡಾರದ ಗಂಟು

ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದ ಮೇಲೆ ಪ್ರಮಿಳಾ ಯಾರಿಗೂ ಪೂರ್ತಿ ಉತ್ತರ ಕೊಡುವುದನ್ನೇ ಬಿಟ್ಟುಬಿಟ್ಟಿದ್ದಳು. ನಳದ ಮುಂದೆ ಕೊಡ ಇಟ್ಟು ನಿಂತಾಗ, ಮಗಳು ಸಪ್ನಾಳನ್ನು ಬಾಲವಾಡಿಗೆ ಬಿಟ್ಟು ಬರುವಾಗ, ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಿಡಿದಾಗ, ಪೀರನವಾಡಿಯ ಹೆಂಗಸರೆಲ್ಲ ಕೇಳುವುದು ಒಂದೇ ಮಾತು: "ಈ ಸಲ ನಾರ್ಮಲ್ಲೋ, ಆಪರೇಶನ್ನೋ?" ಯಾವ ಊರಿಗೆ ಟಿಕೀಟು ಎಂದು ಕಂಡಕ್ಟರ್ ಕೇಳಿದಷ್ಟೇ ಸಲೀಸಾಗಿ. ಅವಳು "ನೋಡೂಣು" ಎಂದು ಕೊಡ ಎತ್ತಿಕೊಳ್ಳುತ್ತಿದ್ದಳು.

ಬಾಜು ಮನೆಯ ನಿಖತ್ ಒಬ್ಬಳೇ ಹಾಗೆ ಕೇಳಿರಲಿಲ್ಲ. "ನಂದು ಎರಡೂ ಆಪರೇಶನ್ನ. ಎರಡನೇದಕ್ಕ ಹೋದಾಗ, ಡಾಕ್ಟರ್, ಹೊಲ್ಯಾಕ ಹೋಗಬ್ಯಾಡ್ರಿ, ಒಂದು ಜಿಪ್ ಹಚ್ಚಿಬಿಡ್ರಿ ಅಂದ್ನಿ," ಎಂದು ನಗಿಸಿದ್ದಳು. ಪ್ರಮಿಳಾ ನಕ್ಕಳು. ನಕ್ಕು ಮನೆಯೊಳಗೆ ಬಂದಳು. ನಿಖತ್‌ಳಂತೆ ತಾನೂ ಬಾಯಿ ಬಿಟ್ಟು ಹೇಳುವಂತಿದ್ದರೆ!

ಅವಳಿಗೆ ಆಪರೇಶನ್ ಬೇಕಿತ್ತು. ಆದರೆ ಅದನ್ನು ಹೇಳುವುದಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಅತ್ತೆ ಕಾಡವ್ವ ಆರು ಹೆತ್ತವಳು. ಕುರಿ ಹಿಂದೆ ಅಡ್ಡಾಡುತ್ತಲೇ ಹೆತ್ತವಳು. "ನಿನ್ನ ಗಂಡನ್ನ ಹಡದಾಗ ನನ್ನ ಜೋಡಿ ಯಾರಿದ್ರು? ಒಬ್ಬಾಕಿನ ಹಡದು, ಸೆರಗಿನ್ಯಾಗ ಸುತಗೊಂಡು, ಕುರಿ ಹೊಡಕೊಂಡು ಸಂಜಿಕ ಹಟ್ಟಿಗೆ ಬಂದ್ನಿ," ಎಂದು ಹೇಳುವಳು. ಪ್ರಮಿಳಾ ಮದುವೆಯಾಗಿ ಬಂದ ಹೊಸದರಲ್ಲಿ ಆ ಕಥೆಯ ಹಟ್ಟಿ ಅರ್ಧ ಮೈಲು ದೂರವಿತ್ತು. ಈಗೀಗ ಎರಡು ಮೈಲಾಗಿತ್ತು. ಅಂಥವಳ ಮುಂದೆ "ನನಗೆ ಬ್ಯಾನಿ ತಿನ್ನಾಕ ಆಗೂದಿಲ್ಲ" ಎಂದು ಹೇಗೆ ಹೇಳುವುದು? ಕಾಡವ್ವನಿಗೆ ಇನ್ನೂ ಒಂದು ಚಿಂತೆ ಇತ್ತು. ಎರಡು ಸಲ ಕೊಯ್ದರೆ ಡಾಕ್ಟರು ಮೂರನೆಯದಕ್ಕೆ ಬೇಡ ಅನ್ನುತ್ತಾರೆ. ಮೊದಲನೆಯದು ಹೆಣ್ಣು. ಎರಡನೆಯದೂ ಹೆಣ್ಣಾದರೆ? ಈ ಮಾತನ್ನು ಆಕೆ ನೇರವಾಗಿ ಆಡುತ್ತಿರಲಿಲ್ಲ. ಮೈಲಾರಲಿಂಗನ ಫೋಟೋದ ಕಡೆ ತಿರುಗಿ ಆಡುತ್ತಿದ್ದಳು.

ಗಂಡ ಬೀರೇಶ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವವನು. ಮೈಯೆಲ್ಲ ಕರಿ ಮಾಡಿಕೊಂಡು ಬಂದು, ಬಿಸಿನೀರು ಹೊಯ್ದುಕೊಂಡು, ಊಟಕ್ಕೆ ಕೂತಾಗ ಕೇಳಿದರೆ, "ಅವ್ವ ಏನಂತಾಳ ನೋಡು. ಡಾಕ್ಟರ ಏನಂತಾರ ನೋಡು," ಅನ್ನುತ್ತಿದ್ದ. ನೀ ಏನಂತಿ ಎಂದು ಒಂದು ಸಲವೂ ಕೇಳಲಿಲ್ಲ. ಕೆಟ್ಟವನಲ್ಲ. ಕೇಳಬೇಕು ಎನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

ನಾಲ್ಕು ವರ್ಷದ ಹಿಂದಿನದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಗೊತ್ತಿದ್ದದ್ದೆಲ್ಲ ಕೇಳಿದ ಕಥೆ.

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಹಾಗಾಗಿ ಖಾನಾಪುರದಿಂದ ಐದು ಮೈಲು ಒಳಗಿನ ತವರೂರಿಗೆ ಹೋಗಿದ್ದಳು. ಸೋಮವಾರ ಬೆಳಿಗ್ಗೆ ಬೇನೆ ಶುರುವಾಯಿತು. ಮಂಗಳವಾರ ಮಧ್ಯಾಹ್ನವಾದರೂ ಕೂಸು ಕೆಳಗೆ ಸರಿಯಲಿಲ್ಲ. ಸೂಲಗಿತ್ತಿ, ಮನೆಯಲ್ಲಿ ಕಟ್ಟಿದ್ದೇನಾದರೂ ಇದ್ದರೆ ಬಿಚ್ಚಿರಿ ಎಂದಳು. ಗಂಟು ಗಂಟಾಗಿಯೇ ಇದ್ದರೆ ಕೂಸು ಹೇಗೆ ಬಿಟ್ಟುಕೊಂಡೀತು? ತಾಯಿ ಅಕ್ಕವ್ವ ಮಗಳ ತುರುಬು ಬಿಚ್ಚಿದಳು, ಟ್ರಂಕಿನ ಕೀಲಿ ತೆಗೆದಳು, ಕಾಳಿನ ಚೀಲದ ಬಾಯಿ ಬಿಚ್ಚಿದಳು, ತೊಟ್ಟಿಲ ಹಗ್ಗ ಬಿಚ್ಚಿದಳು. ಆದರೂ ಆಗಲಿಲ್ಲ. ಕೊನೆಗೆ ಹಿತ್ತಲಿಗೆ ಓಡಿ ಕುರಿದಡ್ಡಿಯ ಬಾಗಿಲಿನ ಹಗ್ಗವನ್ನೂ ಬಿಚ್ಚಿಬಿಟ್ಟಳು.

ಎಂಬತ್ತು ಕುರಿ. ದಡ್ಡಿ ಬಿಟ್ಟು ಕಬ್ಬಿನ ಗದ್ದೆಗಳಿಗೆ ನುಗ್ಗಿದವು. ಅಪ್ಪ ರಾಯಪ್ಪ, ಅಣ್ಣ ದುಂಡಪ್ಪ, ಓಣಿಯ ಗಂಡಸರೆಲ್ಲ ಕುರಿಯ ಹಿಂದೆ ಓಡಿದರು. ಒಳಗೆ ಸೂಲಗಿತ್ತಿ, "ಇದು ನನ್ನ ಕೈ ಮೀರೇತಿ, ಗಾಡಿ ತರಸ್ರಿ" ಎಂದು ಕೂಗಿದಾಗ ಗಾಡಿ ತರಲು ಊರಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಪ್ರಮಿಳಾಗೆ ನೆನಪಿರುವುದು ಅದೇ: ಕುರಿಗಳ ದನಿ ದೂರ ದೂರ ಹೋಗುತ್ತಿದ್ದದ್ದು, ತಾಯಿ ಹೊಸ್ತಿಲಲ್ಲಿ ನಿಂತು ಯಾರನ್ನೋ ಕರೆಯುತ್ತಿದ್ದದ್ದು. ಹೊತ್ತು ಇಳಿಯುವಾಗ ಟೆಂಪೋ ಬಂತು. ಬೆಳಗಾವಿಗೆ ಒಯ್ದು ಹೊಟ್ಟೆ ಕೊಯ್ದರು. ಸಪ್ನಾ ನೀಲಿಗಟ್ಟಿ ಹುಟ್ಟಿ, ತಡೆದು ತಡೆದು ಅತ್ತಳಂತೆ.

ಕಾಡವ್ವ ಈ ಕುರಿಯ ಕಥೆಯನ್ನು ಪ್ರತಿ ಮದುವೆಯಲ್ಲೂ ಹೇಳುತ್ತಿದ್ದಳು. "ನಮ್ಮ ಬೀಗತಿ ಮಗಳ ಬ್ಯಾನಿ ಬಿಡಸಾಕ ಹೋಗಿ ಕುರಿ ಬಿಟ್ಟಳ್ರೀ!" ಎಂದರೆ ಪಂಕ್ತಿ ಪಂಕ್ತಿಯೇ ನಗುತ್ತಿತ್ತು. ಅಕ್ಕವ್ವ ಅಲ್ಲೇ ಇದ್ದರೆ ತಾನೂ ನಗುತ್ತಿದ್ದಳು, ಸೆರಗು ಬಾಯಿಗೆ ಹಿಡಿದು.

ಈ ಸಲ ತೋರಿಸುತ್ತಿದ್ದದ್ದು ಶಹಾಪುರದ ಡಾಕ್ಟರಬಾಯಿಗೆ. ವಯಸ್ಸಾದ ಹೆಣ್ಣುಮಗಳು. ಹೊಟ್ಟೆ ಮುಟ್ಟಿ ನೋಡಿ, "ಕೂಸಿನ ತಲಿ ಕೆಳಗೈತಿ, ನಾಕು ವರ್ಷದ ಅಂತರ ಐತಿ, ಛಲೋ. ಆದ್ರ ಹೋದ ಸಲ ಗರ್ಭಚೀಲ ಹೆಂಗ ಕೊಯ್ದಾರ, ಅಡ್ಡನೋ ಉದ್ದನೋ, ಅದು ತಿಳೀಬೇಕು. ಹೊರಗಿನ ಗೆರಿ ನೋಡಿ ಒಳಗಿಂದು ಹೇಳಾಕ ಬರೂದಿಲ್ಲ. ಡಿಸ್ಚಾರ್ಜ್ ಕಾರ್ಡ್ ತರ್ರಿ," ಎಂದರು.

"ತರದಿದ್ರ?" ಪ್ರಮಿಳಾ ಕೇಳಿದಳು.

"ಆ ದವಾಖಾನಿ ಮುಚ್ಚಿ ಎರಡು ವರ್ಷಾತು, ಅಲ್ಲಿ ಕೇಳಾಕ ಬರೂದಿಲ್ಲ. ಕಾರ್ಡ್ ಇಲ್ಲಂದ್ರ ನಾ ಧೈರ್ಯ ಮಾಡೂದಿಲ್ಲ. ಆಪರೇಶನ್ನ."

ಕಾರ್ಡು ಸಿಗದಿರಲಿ ದೇವರೇ. ಪ್ರಮಿಳಾ ತನಗರಿವಿಲ್ಲದೆ ಬೇಡಿಕೊಂಡಳು. ಪಕ್ಕದಲ್ಲಿ ಕಾಡವ್ವ, "ತರಸ್ತೀನ್ರಿ ಬಾಯಾರ, ಯಾಕ ತರಸಂಗಿಲ್ಲ," ಅನ್ನುತ್ತಿದ್ದಳು.

ಸಂಜೆಯೇ ಎಸ್‌ಟಿಡಿ ಬೂತಿನಿಂದ ಫೋನು ಹೋಯಿತು. ಅಕ್ಕವ್ವ, ಕಾರ್ಡು ತನ್ನ ಹತ್ತಿರ ಇದೆ ಎಂದಳು. ಆದರೆ ಅಳಿಯನ ಕೈಗೂ ಕೊಡುವುದಿಲ್ಲ, ಮಗಳೇ ಬರಬೇಕು ಎಂದು ಹಟ ಹಿಡಿದಳು. "ತಾಯಿಗೂ ಬುದ್ಧಿ ಇಲ್ಲ," ಎಂದು ಕಾಡವ್ವ ಗೊಣಗಿದಳು.

ಬುಧವಾರ ಬೀರೇಶ ಕೆಲಸಕ್ಕೆ ಹೋಗುವ ಮುನ್ನ ಅವಳನ್ನು ಖಾನಾಪುರದ ಬಸ್ಸಿಗೆ ಹತ್ತಿಸಿದ. "ಚಲಾ ಚಲಾ, ಪುಢೇ ಸರಕಾ" ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಿದ್ದ ಕಂಡಕ್ಟರ್ ಅವಳ ಹೊಟ್ಟೆ ನೋಡಿ ಒಬ್ಬ ಹುಡುಗನನ್ನು ಎಬ್ಬಿಸಿ ಸೀಟು ಕೊಡಿಸಿದ. ಖಾನಾಪುರದಲ್ಲಿ ದುಂಡಪ್ಪ ಟೆಂಪೋ ಹಿಡಿದು ಕಾದಿದ್ದ. ಅಣ್ಣ ದಾರಿಯುದ್ದಕ್ಕೂ ಡ್ರೈವರನಿಗೆ "ಸಾವಕಾಶ, ಸಾವಕಾಶ" ಅನ್ನುತ್ತ ಬಂದ.

ಉಂಡಾದ ಮೇಲೆ ಅಕ್ಕವ್ವ ಮಗಳನ್ನು ದೇವರ ಜಗಲಿಯ ಮುಂದೆ ಕೂರಿಸಿದಳು. ಮೈಲಾರಲಿಂಗನ ಮೂರ್ತಿಯ ಹಿಂದಿನಿಂದ ಅರಿಷಿಣ ಬಣ್ಣದ ಬಟ್ಟೆಯ ಗಂಟೊಂದನ್ನು ತೆಗೆದಳು. ಮೂರು ಗಂಟು ಬಿಗಿದಿತ್ತು. ಮುಟ್ಟಿದರೆ ಭಂಡಾರದ ಅರಿಷಿಣ ಪುಡಿ ಉದುರುತ್ತಿತ್ತು.

"ಇದರಾಗ ಐತಿ ನಿನ್ನ ಕಾಗದ. ಅವತ್ತ ಎಲ್ಲಾ ಬಿಚ್ಚಿ ಕೆಟ್ನಿ. ಅದಕ್ಕ ಇದೊಂದನ್ನ ಕಟ್ಟಿ ಇಟ್ನಿ. ಎರಡನೇ ಬಾಣಂತನ ಸುಸೂತ್ರ ಆಗೂತನಾ ಬಿಚ್ಚಂಗಿಲ್ಲ ಅಂತ ದೇವರಿಗೆ ಮಾತು ಕೊಟ್ಟೀನಿ."

"ಡಾಕ್ಟರಿಗೆ ಬೇಕಂತ, ಅವ್ವಾ."

"ಗೊತ್ತೈತಿ." ಅಕ್ಕವ್ವ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳ ಮುಖ ನೋಡಿದಳು. "ನಿನಗ ಬೇಕಾಗೇತೇನು?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ಪ್ರಮಿಳಾಗೆ ಅಳು ಬರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು. ನೆಲದ ಸಗಣಿ ಸಾರಣೆಯ ಮೇಲೆ ಬೆರಳಾಡಿಸುತ್ತ, "ಬ್ಯಾಡ," ಎಂದಳು. "ಆ ಎರಡು ದಿವಸ ನಂಗ ಇನ್ನೊಮ್ಮಿ ಬ್ಯಾಡ. ದವಾಖಾನ್ಯಾಗ ಇದ್ರೂ ಬ್ಯಾಡ. ಕೊಯ್ದು ತಗೀಲಿ."

ಅಕ್ಕವ್ವ ತಲೆಯಾಡಿಸಿದಳು. ಈ ಉತ್ತರ ಆಕೆಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. "ಹಂಗಾರ ನೀ ಬರಿಗೈಲೆ ಹೋಗು. ಬಾಣಂತಿ ಅರಿವಿ ಜೋಡಿ ಕಾಗದಾನೂ ಮಲಪ್ರಭಾ ಹೊಳಿಗೆ ಬಿಟ್ಳಂತ ನಮ್ಮವ್ವ ಅನ್ನು."

"ಫೋನಿನ್ಯಾಗ ಐತಿ ಅಂದೀದಿ."

"ಮುದುಕಿ, ಮರತಿದ್ಳು ಅನ್ನು. ಕುರಿ ಬಿಟ್ಟಾಕಿ ಕಾಗದ ಬಿಡೂದಿಲ್ಲೇನು? ಎಲ್ಲಾರೂ ನಂಬತಾರ." ಅಕ್ಕವ್ವ ನಕ್ಕಳು, ಸೆರಗು ಬಾಯಿಗೆ ಹಿಡಿದು. "ನನಗ ರೂಢಿ ಆಗೇತಿ ತಗೋ."

ಎಷ್ಟು ಸುಲಭವಿತ್ತು. ಬಸ್ಸು ಹತ್ತಿ, ಮನೆಗೆ ಹೋಗಿ, ಒಂದು ಮಾತು ಹೇಳಿದರೆ ಮುಗಿಯಿತು. ಯಾರ ಮುಂದೆಯೂ ಹೆದರಿಕೆ ಒಪ್ಪಿಕೊಳ್ಳಬೇಕಿಲ್ಲ, ಯಾರನ್ನೂ ಎದುರು ಹಾಕಿಕೊಳ್ಳಬೇಕಿಲ್ಲ. ಅವಳ ಸೊಂಟ, ಬೆನ್ನು, ಬಾತ ಕಾಲು, ಎಲ್ಲವೂ ಹೂಂ ಅನ್ನು ಎಂದವು. ಅವಳು ಹೂಂ ಎನ್ನುವುದರಲ್ಲೇ ಇದ್ದಳು.

ಆದರೆ ತಾಯಿ ನಕ್ಕ ಆ ಬಗೆ. ಮುಂದಿನ ಮದುವೆಯಲ್ಲಿ ಕಾಡವ್ವ ಕುರಿಯ ಕಥೆ ಮುಗಿಸಿ ಕಾಗದದ ಕಥೆ ಶುರು ಮಾಡುತ್ತಾಳೆ. ಪಂಕ್ತಿ ಮತ್ತೆ ನಗುತ್ತದೆ. ತಾಯಿ ಮತ್ತೆ ಸೆರಗು ಹಿಡಿಯುತ್ತಾಳೆ. ಪ್ರಮಿಳಾ ಅಲ್ಲೇ ಕೂತು ಎಲ್ಲ ಗೊತ್ತಿದ್ದೂ ಊಟ ಮಾಡಬೇಕು.

"ಬಿಚ್ಚು, ಅವ್ವಾ."

"ಹರಕಿ ಮುರದಂಗ ಆಗ್ತದ."

"ನೀ ಬಿಚ್ಚಂಗಿಲ್ಲ ಅಂದೀದಿ. ನಾ ಏನೂ ಅಂದಿಲ್ಲ. ನಾ ಬಿಚ್ಚತೀನಿ."

ನಾಲ್ಕು ವರ್ಷ ಬಿಗಿದು ಕೂತ ಗಂಟು ಉಗುರಿಗೆ ಬರಲಿಲ್ಲ. ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಒಂದೊಂದೇ ಎಳೆ ಸಡಿಲಿಸಿದಳು. ಅಕ್ಕವ್ವ ಕಣ್ಣು ಮುಚ್ಚಿ ಕೂತಿದ್ದಳು. ಒಳಗಿದ್ದ ಕಾರ್ಡು ಹಳದಿಯಾಗಿತ್ತು. ಮಡಿಕೆಗಳಲ್ಲಿ ಹರಿಯಲು ಬಂದಿತ್ತು. ಇಂಗ್ಲಿಷಿನಲ್ಲಿ ಗೀಚಿದ ಅಕ್ಷರ. ಪ್ರಮಿಳಾ ಹತ್ತನೆಯವರೆಗೆ ಓದಿದ್ದರೂ ಅದರಲ್ಲಿ ಓದಲು ಬಂದದ್ದು ತನ್ನ ಹೆಸರು ಮಾತ್ರ. ಅದೇ ಬಟ್ಟೆಯಲ್ಲಿ ಸುತ್ತಿಕೊಂಡಳು. ಗಂಟು ಹಾಕಲಿಲ್ಲ.

ಶುಕ್ರವಾರ ಶಹಾಪುರದಲ್ಲಿ ಡಾಕ್ಟರಬಾಯಿ ಕಾರ್ಡನ್ನು ಬಲ್ಬಿನ ಹತ್ತಿರ ಹಿಡಿದು ಓದಿದರು. ಕಾಡವ್ವ ಬಾಗಿ ನಿಂತಿದ್ದಳು, ತಾನೂ ಓದುವವಳ ಹಾಗೆ.

"ಒಳಗೂ ಅಡ್ಡನ ಕೊಯ್ದಾರ. ಪ್ರಯತ್ನ ಮಾಡಬಹುದು. ಬ್ಯಾನಿ ಬಂದ ಕೂಡಲೇ ಇಲ್ಲಿಗೆ ಬರಬೇಕು. ತ್ರಾಸ ಕಂಡ್ರ ಆಗ ಆಪರೇಶನ್ ಮಾಡೂದು."

"ಕೇಳಿದೇನು?" ಕಾಡವ್ವ ಸೊಸೆಯ ತೋಳು ತಿವಿದಳು. "ನಾ ಮೊದಲs ಹೇಳಿದ್ನಿ. ಬಾಯಾರ, ನಾರ್ಮಲ್ಲs ಬರಕೋರಿ."

ಡಾಕ್ಟರಬಾಯಿ ಪೆನ್ನು ತೆಗೆದರು. ಪ್ರಮಿಳಾ ಅವರ ಕೈ ನೋಡುತ್ತಿದ್ದಳು. ಬರೆದುಬಿಟ್ಟರೆ ಮುಗಿಯಿತು.

"ಬಾಯಾರ, ಬರೀಬ್ಯಾಡ್ರಿ," ಎಂದಳು. "ಆಗಬಹುದು ಅಂದ್ರಿ, ತಿಳೀತು. ಆದ್ರೂ ನನಗ ಆಪರೇಶನ್ನ ಬೇಕು."

"ಯಾಕ?" ಡಾಕ್ಟರಬಾಯಿ ಗದರಲಿಲ್ಲ, ಕೇಳಿದರು.

"ಹೆದರಿಕಿ ಆಗ್ತದರಿ."

ಅಷ್ಟೇ. ಆ ಮಾತಿಗೆ ಛಾವಣಿ ಬೀಳಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. ಡಾಕ್ಟರಬಾಯಿ ಕನ್ನಡಕ ತೆಗೆದು, ಎರಡಕ್ಕೂ ಅದರದರ ಅಪಾಯ ಇದ್ದದ್ದೇ ಎಂದು ಬಿಡಿಸಿ ಹೇಳಿದರು. ಮತ್ತೆ ಕೊಯ್ದರೆ ಗಾಯ ಮಾಯಲು ತಡವಾಗುತ್ತದೆ, ಮುಂದೆ ಮೂರನೆಯದು ಕಠಿಣ ಎಂದರು. ಪ್ರಮಿಳಾ ಪೂರ್ತಿ ಕೇಳಿದಳು. "ಮೂರನೇದು ನನಗ ಬ್ಯಾಡರಿ," ಎಂದಳು. ಅದನ್ನೂ ಹೇಳುತ್ತೇನೆ ಎಂದು ಅವಳು ಅಂದುಕೊಂಡಿರಲಿಲ್ಲ.

ಕಾಡವ್ವ ಕೆಂಪಾಗಿ, ಕಿಟಕಿಯ ಕಡೆ ತಿರುಗಿ ನಿಂತಳು. ಡಾಕ್ಟರಬಾಯಿ ಮುಂದಿನ ತಿಂಗಳ ದಿನ ನೋಡುವಾಗ ಅಲ್ಲಿಂದಲೇ ಅಂದಳು: "ಕೊಯ್ಯೂದs ಖರೇ ಆದ್ರ ಐತವಾರ ಕೊಯ್ರಿ. ಮೈಲಾರಲಿಂಗನ ವಾರ."

"ಐತವಾರ ನನಗ ಸೂಟಿ, ಯಜಮಾನ್ತಿ."

"ದೇವರಿಗಿಲ್ಲದ ಸೂಟಿ ನಿಮಗ್ಯಾಕರೀ?"

ಡಾಕ್ಟರಬಾಯಿ ನಕ್ಕು ಮಂಗಳವಾರ ಬರೆದರು. ಕಾರ್ಡನ್ನು ಫೈಲಿಗೆ ಸೇರಿಸಿ ಒಂದು ಫಾರ್ಮು ಕೊಟ್ಟರು. ನರ್ಸು, "ಇದಕ್ಕ ಗಂಡನ ಸಹಿ ಬೇಕು," ಎಂದಳು. ಪ್ರಮಿಳಾ ಹೂಂಗುಟ್ಟಿದಳು. ಪೆನ್ನು ಕೇಳಿ ಇಸಕೊಂಡು, ಗಂಡನ ಸಹಿಗೆ ಬಿಟ್ಟ ಗೆರೆಯ ಕೆಳಗೆ ಖಾಲಿ ಇದ್ದಲ್ಲಿ ತನ್ನ ಹೆಸರು ಬರೆದಳು. ಹಾಗೆ ಬರೆಯಬಹುದೋ ಇಲ್ಲವೋ ಕೇಳಲಿಲ್ಲ. ನರ್ಸು ಅದನ್ನು ನೋಡಿ ಪೆನ್ನು ವಾಪಸು ಇಸಕೊಂಡಳು.

ಪೀರನವಾಡಿಯ ಬಸ್ಸು ಖಾಲಿ ಇತ್ತು. ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಉದ್ಯಮಬಾಗ ಬಂದಾಗ ಕಾಡವ್ವ ಪ್ರಮಿಳಾಳ ತೊಡೆಯ ಮೇಲಿದ್ದ ಹಳದಿ ಬಟ್ಟೆಯನ್ನು ಕಸಿದುಕೊಂಡು, ಅಂಚಿನಲ್ಲಿ ಉಳಿದಿದ್ದ ಭಂಡಾರವನ್ನು ಹೆಬ್ಬೆರಳಿಗೆ ಹತ್ತಿಸಿ ಸೊಸೆಯ ಹಣೆಗೆ ಒರಟಾಗಿ ಒತ್ತಿದಳು.

"ಕೊಯ್ಯಾವ್ರ ಕೈನೂ ಮೈಲಾರಲಿಂಗನs ಕಾಯಬೇಕಲ್ಲ."

ಪ್ರಮಿಳಾ ಮೂಗಿನ ಮೇಲೆ ಉದುರಿದ ಪುಡಿ ಒರೆಸಿಕೊಂಡಳು.

"ಒಂದೂವರಿ ತಿಂಗಳ ಕೊಡ ಎತ್ತಂಗಿಲ್ಲ ಅಂದ್ರು. ನೀರು ಯಾರು ತರಾವ್ರು?"

"ನಿಮ್ಮ ಮಗ ತರ್ತಾರ."

"ಅಂವಾ?" ಕಾಡವ್ವ ಮೂಗಿನಲ್ಲೇ ನಕ್ಕಳು. "ನಳ ಯಾವ ದಿಕ್ಕಿಗೈತಿ ಅಂತ ಮೊದಲ ತೋರಸಬೇಕು ಅವಂಗ."

ಪ್ರಮಿಳಾಗೆ ನಗು ಬಂತು, ಆದರೆ ನಿದ್ದೆ ಅದಕ್ಕಿಂತ ಮೊದಲು ಬಂತು. ತಲೆ ಜಾರಿ ಅತ್ತೆಯ ಹೆಗಲಿಗೆ ತಾಗಿತು. ಕಾಡವ್ವ ಹೆಗಲು ಸರಿಸಲಿಲ್ಲ. ಪೀರನವಾಡಿಯ ಸ್ಟಾಪು ಬರುವ ಮುಂಚೆಯೇ ಕಂಡಕ್ಟರನನ್ನು ಕರೆದು, ಗಾಡಿ ಪೂರ್ತಿ ನಿಲ್ಲಿಸಬೇಕು, ತಮಗೆ ಇಳಿಯಲು ಹೊತ್ತಾಗುತ್ತದೆ ಎಂದು ಜಗಳದ ದನಿಯಲ್ಲಿ ಹೇಳಿದಳು.