ಸೇಬಿನ ಮೋಟಿಗೆ ಇಳಿದ ಹದ್ದುಗಳು

ಕೆರೆತ ನಿಂತಿತು, ಇಲ್ಲ, ನಿಂತಿಲ್ಲ, ಗಾಡಿ ಸೇತುವೆಯ ಕಬ್ಬಿಣದ ಪಟ್ಟಿ ದಾಟಿದ ಸದ್ದಿನಲ್ಲಿ ಕೇಳಿಸಲಿಲ್ಲ ಅಷ್ಟೆ, ಈಗ ಮತ್ತೆ, ಪ್ಲಾಸ್ಟಿಕ್ಕಿನ ಮೇಲೆ ಉಗುರೆಳೆದ ಹಾಗೆ ಒಂದು ಗೀರು, ಆಮೇಲೆ ಏನೂ ಇಲ್ಲ, ಆಮೇಲೆ ಇನ್ನೊಂದು — ಆರ್ವಿಡ್ ರಸ್ತೆಯ ಮೇಲೆ ಕಣ್ಣಿಟ್ಟು ಕಿವಿಯನ್ನೆಲ್ಲ ಪಕ್ಕದ ಸೀಟಿಗೆ ಕೊಟ್ಟಿದ್ದಾನೆ, ಸೀಟಿನ ಮೇಲೆ ಹೋದ ವರ್ಷ ಸತ್ತ ನಾಯಿಯನ್ನು ಕೂರಿಸಿ ಒಯ್ಯುತ್ತಿದ್ದ ಪೆಟ್ಟಿಗೆ, ಅದರ ಮೇಲೆ ಹೆಂಡತಿ ಮಾರ್ಲಿಸ್ ಕೊಟ್ಟ ಹಸಿರು ಕಂಬಳಿ, ಒಳಗೆ ಯಜಮಾನಿ, ಹಿತ್ತಿಲಿನಾಚೆಯ ಮರದಲ್ಲಿ ಹನ್ನೊಂದು ವರ್ಷದಿಂದ ಸಂಸಾರ ಹೂಡಿರುವ ಬಿಳಿತಲೆಯ ಹೆಣ್ಣು ಹದ್ದು, ರೆಕ್ಕೆ ಬಿಚ್ಚಿದರೆ ಅಡುಗೆಮನೆಯ ಮೇಜಿಗಿಂತ ಅಗಲ, ಈಗ ನಾಯಿಯ ಪೆಟ್ಟಿಗೆಯಲ್ಲಿ ಹಿಡಿಸುತ್ತಾಳೆ. ಹೀಟರ್ ಜಾಸ್ತಿ ಹಾಕ್ಬೇಡಿ, ರೇಡಿಯೋ ಹಾಕ್ಬೇಡಿ, ಮಾತಾಡ್ಬೇಡಿ, ಮನುಷ್ಯರ ದನಿ ಕೇಳಿದ್ರೆ ಅದಕ್ಕೆ ಇನ್ನೂ ಗಾಬರಿ, ಎಂದಿದ್ದಳು ಹಕ್ಕಿಗಳ ಆಸ್ಪತ್ರೆಯ ಹುಡುಗಿ ಫೋನಿನಲ್ಲಿ, ಮಾತಾಡುವುದೇನಿದೆ, ಎಪ್ಪತ್ಮೂರು ವರ್ಷದಲ್ಲಿ ಅವನು ಹೆಚ್ಚು ಮಾತಾಡಿದವನೇ ಅಲ್ಲ, ಆದರೆ ಬೇಡ ಎಂದ ಮೇಲೆ ನಾಲಿಗೆ ತುದಿಯಲ್ಲಿ ಏನೇನೋ ಬಂದು ನಿಲ್ಲುತ್ತಿದೆ, ಇನ್ನೊಂದು ಗಂಟೆ ತಡ್ಕೋ, ಅಷ್ಟೇ, ಎನ್ನಬೇಕೆನಿಸುತ್ತಿದೆ. ಎಡಕ್ಕೆ ಮಿಸಿಸಿಪ್ಪಿ ದಡದಿಂದ ದಡಕ್ಕೆ ಬೆಳ್ಳಗೆ ಹೆಪ್ಪುಗಟ್ಟಿ ಮಲಗಿದೆ, ಅಣೆಕಟ್ಟಿನ ಕೆಳಗೆ ಮಾತ್ರ ಕಪ್ಪು ನೀರು, ಆವಿ, ಅಲ್ಲಿಯ ಮರಗಳಲ್ಲಿ ಹದ್ದುಗಳು ಕೂತಿರುತ್ತವೆ, ಇವತ್ತು ಎಣಿಸುವುದಿಲ್ಲ. ಬೆಳಿಗ್ಗೆ ಮಾರ್ಲಿಸ್ ಕಿಟಕಿಯ ಕುರ್ಚಿಯಿಂದಲೇ ಕರೆದಳು, ಆರ್ವಿಡ್, ಯಜಮಾನಿ ನೆಲದ ಮೇಲೆ ಕೂತಿದಾಳೆ, ಏಳ್ತಾನೇ ಇಲ್ಲ, ಬಾ ಇಲ್ಲಿ — ಅವನು ವೆಲ್ಡಿಂಗ್ ಕೈಗವಸು ಹಾಕಿಕೊಂಡು ಹಿಮದಲ್ಲಿ ಮೊಣಕಾಲಿನವರೆಗೆ ಹೂತುಕೊಳ್ಳುತ್ತ ನಡೆದ, ಹತ್ತು ಹೆಜ್ಜೆ, ಐದು ಹೆಜ್ಜೆ, ಹಾರಲಿಲ್ಲ, ಹದ್ದು ಮನುಷ್ಯನನ್ನು ಇಷ್ಟು ಹತ್ತಿರ ಬಿಟ್ಟುಕೊಂಡಿತೆಂದರೆ ಕೇಳುವುದೇನೂ ಉಳಿದಿಲ್ಲ, ಕತ್ತು ಒಂದು ಕಡೆಗೆ ವಾಲಿತ್ತು, ಹಿಮದ ಮೇಲೆ ಗಾಢ ಹಸಿರು ಹಿಕ್ಕೆ, ಉಸಿರಿಗೊಮ್ಮೆ ಕೊಕ್ಕು ತೆರೆದು ಮುಚ್ಚುತ್ತಿತ್ತು, ಕಾಲುಗಳು ಮಾತ್ರ ಎರಡೂ ಬಿಗಿದ ಮುಷ್ಟಿ, ಎತ್ತುವಾಗ ಬಿಡಿಸಲು ನೋಡಿದ, ಬರಲಿಲ್ಲ. ಕಾರಿಗೆ ಬಡಿದಿರಬೇಕು. ಇಲ್ಲವೇ ವಿದ್ಯುತ್ ತಂತಿ. ಹೆದ್ದಾರಿಯಲ್ಲಿ ಸತ್ತ ಪ್ರಾಣಿ ತಿನ್ನಲು ಇಳಿಯುತ್ತವೆ, ಲಾರಿಯವರು ಎಲ್ಲಿ ನೋಡುತ್ತಾರೆ, ಹಾಳಾದವರು — ಲಾರಿಯವನ ಮುಖವನ್ನು ಕೂಡ ಅವನು ಕಲ್ಪಿಸಿಕೊಂಡಾಗಿದೆ, ಟೋಪಿ, ಗಡ್ಡ, ಕೈಯಲ್ಲಿ ಕಾಫಿ, ಎರಡು ತಾಸಿನ ದಾರಿಯಲ್ಲಿ ಇಲ್ಲಿಯವರೆಗೂ ಅವನನ್ನೇ ಬಯ್ಯುತ್ತ ಬಂದಿದ್ದಾನೆ.

ಆರ್ವಿಡ್ ಹುಡುಗನಾಗಿದ್ದಾಗ ಈ ಹದ್ದುಗಳು ಇರಲೇ ಇಲ್ಲ, ನಾಣ್ಯದ ಮೇಲೆ ಇತ್ತು, ಶಾಲೆಯ ಗೋಡೆಯ ಮೇಲೆ ಇತ್ತು, ನದಿಯ ಮೇಲೆ ಇರಲಿಲ್ಲ, ಹೊಲಕ್ಕೆ ಹೊಡೆದ ಔಷಧಿ ಮೀನಿಗೆ ಹೋಗಿ ಮೀನಿನಿಂದ ಹಕ್ಕಿಗೆ ಹೋಗಿ ತಾಯಿ ಕೂತರೆ ಮೊಟ್ಟೆ ಒಡೆಯುತ್ತಿತ್ತಂತೆ, ಮೊದಲನೆಯದನ್ನು ನೋಡಿದಾಗ ಅವನಿಗೆ ಇಪ್ಪತ್ತೆಂಟು, ಅಣೆಕಟ್ಟಿನಲ್ಲಿ ದೋಣಿಗಳಿಗೆ ಗೇಟು ತೆಗೆಯುವ ಕೆಲಸ, ಮಾರ್ಲಿಸ್ ಊಟದ ಡಬ್ಬಿ ತಂದಿದ್ದಳು, ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿದ್ದು, ಅವಳೇ ಮೊದಲು ಕಂಡಳು, ಸುಮ್ನಿರು, ಮೇಲ್ನೋಡು, ಎಂದು ತೋಳು ಹಿಡಿದಳು, ಅಷ್ಟು ಗಟ್ಟಿಯಾಗಿ ಅವಳು ತೋಳು ಹಿಡಿದದ್ದು ಆಮೇಲೆ ಹೆರಿಗೆಯಲ್ಲೇ. ಈಗ ಆ ಕೈ ಲೋಟ ಎತ್ತಲೂ ಸುಸ್ತು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಮೂಗಿಗೆ ಕೊಳವೆ, ಕೊಳವೆಗೆ ಮೂಲೆಯಲ್ಲಿ ನಿಟ್ಟುಸಿರು ಬಿಡುತ್ತ ಕೂತ ಆಮ್ಲಜನಕದ ಯಂತ್ರ, ಕೊಳವೆ ಬಾಗಿಲ ಹೊಸ್ತಿಲಿನವರೆಗೆ ಎಟುಕುತ್ತದೆ, ಅದರಾಚೆ ಅವಳ ಲೋಕವಿಲ್ಲ, ಹೋದ ಚಳಿಗಾಲ ಗಾಡಿಯಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ ನಡೆದದ್ದಕ್ಕೆ ತುಟಿ ನೀಲಿಯಾಗಿ ಅವನು ಅವಳನ್ನು ಹೊತ್ತುಕೊಂಡು ಒಳಗೆ ಹೋಗಿದ್ದ, ಹಗುರವಾಗಿದ್ದಳು, ಅದನ್ನು ನೆನೆಯಬಾರದು. ಕುರ್ಚಿ, ಕಿಟಕಿ, ದುರ್ಬೀನು. ದುರ್ಬೀನು ಎತ್ತಿ ಹಿಡಿಯಲು ಈ ಸಲ ಆಗುತ್ತಿರಲಿಲ್ಲ, ಗೂಡು ದೂರ, ದೂರದ ಮರದಲ್ಲಿ ಒಂದು ಬಿಳಿ ಚುಕ್ಕಿ ಅಷ್ಟೆ, ಅವಳೇನೂ ಕೇಳಲಿಲ್ಲ, ಅವಳು ಕೇಳುವವಳಲ್ಲ, ಕ್ರಿಸ್‌ಮಸ್ ಆದ ಮಾರನೆಯ ದಿನ ದುರ್ಬೀನನ್ನು ಅದರ ಚರ್ಮದ ಚೀಲದಲ್ಲಿಟ್ಟು ಗುಂಡಿ ಹಾಕಿದಳು, ಆ ಗುಂಡಿ ಟಿಕ್ ಎಂದದ್ದು ಅವನಿಗೆ ಕೇಳಿಸಿತು, ಅದಕ್ಕೇ. ಅದಕ್ಕೇ ವರ್ಷದ ಕೊನೆಯ ದಿನ ಗುಡ್ಡದಲ್ಲಿ ಹೆಣ್ಣು ಜಿಂಕೆ ಹೊಡೆದವನು ಕರುಳನ್ನು ನಲವತ್ತು ವರ್ಷದ ರೂಢಿಯ ಹಾಗೆ ಅಲ್ಲೇ ಬಿಟ್ಟು ಬರಲಿಲ್ಲ, ಜಾರುಬಂಡಿಯಲ್ಲಿ ಹೇರಿ ಎಳೆದು ತಂದ, ಬೆವರಿದ, ಎರಡು ಸಲ ಕೂತು ಸುಧಾರಿಸಿಕೊಂಡ, ಮಾಂಸ ತೆಗೆದ ಮೇಲೆ ಪಕ್ಕೆಲುಬಿನ ಗೂಡು, ಕತ್ತು, ಗುಂಡು ಹೊಕ್ಕು ರಕ್ತ ಮಡುಗಟ್ಟಿದ ಭುಜ — ಅದನ್ನು ಮನುಷ್ಯರು ತಿನ್ನಲಾಗುವುದಿಲ್ಲ — ಎಲ್ಲ ಸೇರಿಸಿ ಕಿಟಕಿಯಿಂದ ಇಪ್ಪತ್ತು ಅಡಿಯಲ್ಲಿ, ಕಡಿದ ಸೇಬಿನ ಮರದ ಮೋಟಿಗೆ ಬೇಲಿಯ ತಂತಿಯಿಂದ ಬಿಗಿಯಾಗಿ ಕಟ್ಟಿದ, ನರಿ ಎಳೆದೊಯ್ಯದ ಹಾಗೆ, ಯಾರಿಂದಲೂ ಅಲುಗಿಸಲಾಗದ ಹಾಗೆ. ಒಂದೇ ದಿನದಲ್ಲಿ ಬಂದವು. ಯಜಮಾನಿ ಮೊದಲು, ಆಮೇಲೆ ಅವಳ ಗಂಡ, ಆಮೇಲೆ ಇನ್ನೂ ಕಂದುತಲೆಯ ಎಳೆಯವು ಮೂರು, ಮಾರ್ಲಿಸ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಳು, ದುರ್ಬೀನು ಬೇಕಾಗಲಿಲ್ಲ, ಕಣ್ಣಿನ ಹಳದಿ ಕಾಣ್ತಿದೆ ಆರ್ವಿಡ್, ರೆಪ್ಪೆ ಮುಚ್ಚೋದೂ ಕಾಣ್ತಿದೆ, ಎಂದಳು, ಮೂರು ದಿನ ಊಟದ ತಟ್ಟೆ ತೊಡೆಯ ಮೇಲೆಯೇ, ಮೂರು ದಿನ ಅವಳು ಮಲಗುವಾಗ ಕೆಮ್ಮಿನ ಮಾತಲ್ಲದೆ ಬೇರೆ ಮಾತಾಡಿದಳು, ನಿನಗೆ ಇಷ್ಟೆಲ್ಲ ಬುದ್ಧಿ ಯಾವಾಗ ಬಂತು ಎಂದಳು, ಅವನು ಕತ್ತಲಲ್ಲಿ ನಕ್ಕ, ನಿಜ ಹೇಳಬೇಕೆಂದರೆ ಹೆಮ್ಮೆಯಾಗಿತ್ತು.

ಆಸ್ಪತ್ರೆ ಎಂದರೆ ಜೋಳದ ಹೊಲದ ನಡುವೆ ತಗಡಿನ ಕಟ್ಟಡ, ಬಾಗಿಲಲ್ಲೇ ಪೆಟ್ಟಿಗೆ ಕೈ ಬದಲಾಯಿಸಿತು, ಡಾಕ್ಟರು ಫೋನಿನಲ್ಲಿ ಮಾತಾಡಿದ ಹುಡುಗಿಯೇ, ಪಾಕೂ ವಾಂಗ್ ಎಂದು ಎದೆಯ ಮೇಲಿನ ಪಟ್ಟಿಯಲ್ಲಿದೆ, ಮೂವತ್ತು ದಾಟಿರಲಿಕ್ಕಿಲ್ಲ, ಗಿಡ್ಡ ಆಳು, ಆದರೆ ಯಜಮಾನಿಯನ್ನು ಎತ್ತಿದ ರೀತಿ ನೋಡಿದರೆ ಮಗು ಎತ್ತಿ ಅಭ್ಯಾಸವಿದ್ದವಳ ಹಾಗೆ, ಕಾಲೆರಡನ್ನೂ ಒಂದೇ ಕೈಯಲ್ಲಿ, ಬೆನ್ನು ತನ್ನ ಹೊಟ್ಟೆಗೆ, ಅವನು ಗೋಡೆಗೆ ಒರಗಿ ಟೋಪಿ ಹಿಡಿದು ನಿಂತ. ರಕ್ತದ ಒಂದು ಹನಿ ಪುಟ್ಟ ಯಂತ್ರದೊಳಗೆ ಹೋಯಿತು, ಮೂರು ನಿಮಿಷ ಎಂದಳು, ಅಷ್ಟರಲ್ಲಿ ಎಕ್ಸ್‌ರೇ. ಕಾರಿಗೆ ಬಡಿದಿದೆ ಅಲ್ವಾ, ಎಂದ ಅವನು. ಅವಳು ಪರದೆಯನ್ನು ಅವನತ್ತ ತಿರುಗಿಸಿದಳು, ಮೂಳೆ ಒಂದೂ ಮುರಿದಿಲ್ಲ ನೋಡಿ, ಎಂದಳು, ಬೂದಿಬಣ್ಣದ ಹಕ್ಕಿಯೊಳಗೆ ಎಲ್ಲ ನೆಟ್ಟಗಿತ್ತು, ರೆಕ್ಕೆ, ಪಕ್ಕೆ, ಬೆನ್ನು, ಹೊಟ್ಟೆಯ ಜಾಗದಲ್ಲಿ ಮಾತ್ರ ಎರಡು ಬಿಳಿಯ ಚುಕ್ಕಿ, ಎರಡೇ, ಸಾಸಿವೆ ಕಾಳಿನಷ್ಟು, ಉಪ್ಪಿನ ಹರಳಿನಷ್ಟು. ಇದೇನು. ಸೀಸ, ಎಂದಳು. ಅವನಿಗೆ ಅರ್ಥವಾಗಲಿಲ್ಲ, ಅರ್ಥವಾಯಿತು, ಆಗಲಿಲ್ಲ — ಅವಳು ಹೇಳುತ್ತಿದ್ದಾಳೆ, ಬಂದೂಕಿನ ಗುಂಡು ಮೂಳೆಗೆ ತಾಗಿದ್ರೆ ಒಂದೇ ತುಂಡಾಗಿ ಇರಲ್ಲ, ಪುಡಿಯಾಗುತ್ತೆ, ಮಾಂಸದ ತುಂಬ ಹರಡುತ್ತೆ, ಕಣ್ಣಿಗೂ ಕಾಣ್ಸಲ್ಲ, ಜಿಂಕೆಯ ಕರುಳು ಎಲ್ಲಾದ್ರೂ ಬಿಟ್ಟಿದ್ರೆ ಇವು ತಿಂತಾವೆ, ಬೇಟೆ ಕಾಲದಲ್ಲಿ ನಮಗೆ ವಾರಕ್ಕೆ ಮೂರು ನಾಲ್ಕು ಬರ್ತವೆ, ನಿಮ್ಮ ಕಡೆ ಯಾರಾದ್ರೂ ಹತ್ತಿರದಲ್ಲಿ ಜಿಂಕೆ ಹೊಡೆದ್ರಾ? ದನಿಯಲ್ಲಿ ಆರೋಪವೇನೂ ಇರಲಿಲ್ಲ, ಅವಳು ಹಾಳೆಯ ಮೇಲೆ ಬರೆದುಕೊಳ್ಳಲು ಕೇಳುತ್ತಿದ್ದಳು. ಲಾರಿಯವನ ಗಡ್ಡ, ಟೋಪಿ, ಕಾಫಿ, ಎಲ್ಲ ಕರಗಿ ಆ ಜಾಗದಲ್ಲಿ ಬೇಲಿಯ ತಂತಿ ಸುತ್ತುತ್ತಿರುವ ಎರಡು ಕೈ. ನಾನೇ, ಎಂದ. ತಲೆಯೆತ್ತಿದಳು. ನಾನೇ ಹೊಡೆದೆ, ನಾನೇ ತಂದು ಇಟ್ಟೆ, ನನ್ನ ಹೆಂಡ್ತಿ ನೋಡ್ಲಿ ಅಂತ, ಅವಳಿಗೆ ಹೊರಗೆ ಬರೋಕಾಗಲ್ಲ. ಯಂತ್ರ ಕೂಗಿತು, ಅವಳು ನೋಡಿದಳು, ಅಂಕಿ ಬಂದಿಲ್ಲ, ರಕ್ತದಲ್ಲಿನ ಸೀಸ ಯಂತ್ರ ಅಳೆಯುವ ಮಟ್ಟವನ್ನೇ ಮೀರಿದೆ, ಇಷ್ಟಾದ ಮೇಲೆ ನರ ಸತ್ತಿರುತ್ತೆ, ಔಷಧಿ ಕೊಟ್ರೆ ಇನ್ನೊಂದೆರಡು ದಿನ ನರಳುತ್ತೆ ಅಷ್ಟೆ, ನೋವಿಲ್ಲದೆ ಕಳಿಸಿಬಿಡೋದೇ ಒಳ್ಳೇದು, ಎಂದಳು ಮೆಲ್ಲಗೆ, ಆಮೇಲೆ ಬರೆಯುವುದನ್ನು ನಿಲ್ಲಿಸಿ, ಇನ್ನೆಷ್ಟು ಹಕ್ಕಿ ತಿಂದವು, ಎಂದಳು, ಆಮೇಲೆ, ಅದು ಈಗಲೂ ಅಲ್ಲೇ ಇದೆಯಾ?

ಇದೆ. ಮೂರರಲ್ಲಿ ಒಂದು ಪಾಲೂ ಮುಗಿದಿಲ್ಲ, ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಬಿಸಿಲಿಗೆ ಮೇಲ್ಪದರ ಮೆತ್ತಗಾಗುತ್ತದೆ, ಈಗ ಹನ್ನೊಂದೂವರೆ, ಮೆತ್ತಗಾಗುವ ಹೊತ್ತು. ಓಣಿಯಲ್ಲಿ ನಿಂತು ಪಕ್ಕದ ಹೊಲದ ಗಾರ್ಡಿಗೆ ಫೋನು ಮಾಡಿದ, ಅಕ್ಕಪಕ್ಕ ಎಂದು ಇರುವವನು ಅವನೊಬ್ಬನೇ, ಗಂಟೆ ಬಾರಿಸಿತು ಬಾರಿಸಿತು, ಗಾರ್ಡಿ ನದಿಯ ಮಂಜುಗಡ್ಡೆ ಕೊರೆದು ಗಾಳ ಹಾಕಿ ಕೂತಿರುತ್ತಾನೆ, ಫೋನು ಗಾಡಿಯಲ್ಲಿರುತ್ತದೆ, ಮತ್ತೆ ಮಾಡಿದ, ಡಾಕ್ಟರು ಅರಣ್ಯ ಇಲಾಖೆಯವರನ್ನು ಫೋನಿನಲ್ಲಿ ಹಿಡಿದಳು, ಬರ್ತಾರಂತೆ, ಒಂದೂವರೆ ಗಂಟೆ ಆಗುತ್ತಂತೆ, ಅವನು ಹೊರಟರೆ ಎರಡು ಗಂಟೆ, ಹೊರಡಬೇಕು, ಅದಕ್ಕೆ ಮೊದಲು ಮನೆಗೆ ಮಾಡಿದ, ಮಾರ್ಲಿಸ್ ಮೊದಲ ಗಂಟೆಗೇ ಎತ್ತಿಕೊಂಡಳು. ಹೇಗಿದಾಳೆ? ನೋಡ್ತಿದಾರೆ, ಎಂದ, ಗಾಜಿನಾಚೆ ಪಾಕೂ ವಾಂಗ್ ಸಿರಿಂಜಿಗೆ ಕೊನೆಯ ಔಷಧಿ ಎಳೆಯುತ್ತಿದ್ದಳು. ನಿನ್ನ ದನಿ ಯಾಕೆ ಹಂಗಿದೆ, ಎಂದಳು ಮಾರ್ಲಿಸ್, ಉತ್ತರಕ್ಕೆ ಕಾಯಲಿಲ್ಲ, ಇಲ್ಲಿ ಕೇಳು, ಅವಳ ಗಂಡ ಬಂದು ಕೂತಿದಾನೆ, ಹೆಂಡ್ತಿ ಆಸ್ಪತ್ರೆಗೆ ಹೋಗಿದಾಳೆ ಕಣೋ ಅಂತ ಹೇಳ್ತಾ ಇದೀನಿ, ಊಟ ಬಿಟ್ಟು ತಲೆ ಎತ್ತಿದ್ರೆ ಕೇಳು, ಗಂಡಸ್ರೇ ಹಿಂಗೆ — ನಗುತ್ತಿದ್ದಾಳೆ, ನಗು ಕೆಮ್ಮಾಯಿತು. ಮಾರ್ಲಿಸ್. ಹೂಂ. ಅವನನ್ನ ಓಡಿಸು. ಯಾಕೆ? ಹೇಗೆ ಹೇಳುವುದು, ಐದಾರು ಮಾತು ಸಾಕು, ಗುಂಡು, ಸೀಸ, ನಾನು, ಹೇಳಿದ, ಹೇಳಿ ಮುಗಿಸುವಷ್ಟರಲ್ಲಿ ಫೋನು ಮೇಜಿನ ಮೇಲಿಟ್ಟ ಸದ್ದು, ಗಾಜಿನ ಮೇಲೆ ಬೆರಳ ಗಂಟು ಬಡಿಯುವ ಸದ್ದು, ಸಣ್ಣ ಸದ್ದು, ಅಷ್ಟರಿಂದ ಗುಬ್ಬಿಯೂ ಏಳುವುದಿಲ್ಲ, ಆಮೇಲೆ ಪಾತ್ರೆ, ಸೌಟಿನಿಂದ ಪಾತ್ರೆ, ಡಂಗ್, ಡಂಗ್, ನಿಂತಿತು, ಉಸಿರು ಎಳೆದುಕೊಳ್ಳುತ್ತಿದ್ದಾಳೆ, ಡಂಗ್. ಎದ್ದ, ಎಂದಳು ದೂರದಿಂದ, ಬೇಲಿ ಕಂಬಕ್ಕೆ ಹೋದ, ಎಂದಳು, ಆಮೇಲೆ, ಇಳಿದ, ಮತ್ತೆ ಇಳಿದ ಆರ್ವಿಡ್. ಬಾಗಿಲಿನ ಚಿಲಕ. ಬೇಡ ಮಾರ್ಲಿಸ್, ಮೈನಸ್ ಹದಿನೆಂಟಿದೆ, ಹೊರಗೆ ಕಾಲಿಡಬೇಡ, ಕೇಳಿಸ್ತಾ, ಬೇಡ — ಕೇಳಿಸಿರುವುದಿಲ್ಲ, ಫೋನು ಮೇಜಿನ ಮೇಲಿದೆ, ಗಾಳಿ ಒಳನುಗ್ಗುವ ಸದ್ದು, ಕೊಳವೆ ಹೊಸ್ತಿಲಿನವರೆಗೆ, ಹೊಸ್ತಿಲಲ್ಲಿ ಪಾತ್ರೆ, ಡಂಗ್, ಸಾಕು ಕೂತ್ಕೋ ಎನ್ನಬೇಕು, ಬಿಡಬೇಡ ಬಡಿ ಎನ್ನಬೇಕು, ಯಾವುದನ್ನು ಅನ್ನುವುದು, ಯಾರಿಗೆ, ಗಾಜಿನಾಚೆ ಸಿರಿಂಜು ಖಾಲಿಯಾಗಿದೆ, ಡಾಕ್ಟರು ಯಜಮಾನಿಯ ಕಾಲನ್ನು ಕೈಯಲ್ಲಿಟ್ಟುಕೊಂಡು ಕೂತಿದ್ದಾಳೆ, ಫೋನಿನಲ್ಲಿ ಕೆಮ್ಮು, ಡಂಗ್, ಕೆಮ್ಮು, ಅವನಿಗೆ ಎರಡು ಗಂಟೆ ದೂರದ ಹಿತ್ತಿಲು ಕಾಣುತ್ತಿದೆ, ಹಿಮ, ಕೆಂಪು, ಬಿಳಿಯ ತಲೆ ಒಂದು ಬಾಗುತ್ತದೆ, ಕಿತ್ತು ಮೇಲೇಳುತ್ತದೆ, ಸದ್ದು ಬಂದ ಕಡೆ ಸುಮ್ಮನೆ ನೋಡುತ್ತದೆ, ಬಾಗುತ್ತದೆ, ಬಿಳಿಯ ತಲೆ, ಬಾಗುತ್ತದೆ