ತಾರಸಿಯ ಮೇಲಿನ ಗ್ಲೌಸು

ಸಿಸೇರಿಯನ್ ಹೆರಿಗೆಯಾದ ದಿವ್ಯಳ ಹೊಟ್ಟೆಯ ಹೊಲಿಗೆ ಕೂಡಿಕೊಳ್ಳಲೇ ಇಲ್ಲ. ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಕೀವು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಕಣ್ಣು ಬಿಟ್ಟರೆ ಬಾಗಿಲ ಕಡೆ ತಿರುಗಿ ಒಂದೇ ಮಾತು ಕೇಳುತ್ತಿದ್ದಳು: "ಅಮ್ಮಾ, ಮಗು ಎತ್ಕೊಂಡಿದೀಯಾ?"

ಇಲ್ಲ. ಮಗು ಪಕ್ಕದ ಮಂಚದ ಹಬೀಬುನ್ನೀಸಾಳ ತೊಡೆಯ ಮೇಲಿತ್ತು. ಮಗಳು ತಂಜೀಲಾಳ ಹೆರಿಗೆಗೆಂದು ಬಂದವಳು ಆಕೆ. ಮಗುವಿನ ಸ್ವಂತ ಅಜ್ಜಿ, ದಿವ್ಯಳ ತಾಯಿ ಮುತ್ಯಾಲಮ್ಮ ವಾರ್ಡಿನ ಹೊರಗೆ ಕೂತಿದ್ದಳು. ಹೊಸಕೋಟೆಯ ಆ ಖಾಸಗಿ ಆಸ್ಪತ್ರೆಯ ದೊಡ್ಡ ಡಾಕ್ಟರು ಎಲ್ಲರೆದುರಿಗೇ ಅವಳನ್ನು ಹೊರಗೆ ಕಳಿಸಿದ್ದರು.

"ಏನಮ್ಮಾ ಕೆಲಸ ನಿಂದು?"

"ಕೋಳಿ ಫಾರಮ್ಮಲ್ಲಿ ಸಾರ್."

"ಕೋಳಿಗೆ ಔಷಧಿ ಹಾಕ್ತೀರಾ?"

"ನೀರಿಗೆ ಪುಡಿ ಕಲಸ್ತೀವಿ. ಓನರ್ ಹೇಳ್ತಾರೆ, ನಾವು ಕಲಸ್ತೀವಿ."

"ಅದೇ ನೋಡು. ಕೋಳಿ ಮೈಯಲ್ಲಿ ಔಷಧಿ ತಿಂದು ತಿಂದು ಗಟ್ಟಿಯಾಗಿರೋ ಕ್ರಿಮಿ ಇದು. ಯಾವ ಇಂಜೆಕ್ಷನ್ನಿಗೂ ಸಾಯ್ತಿಲ್ಲ. ನಿನ್ನ ಕೈಯಿಂದಾನೇ ಬಂದಿದೆ. ಒಳಗೆ ಬರಬೇಡ, ಮಗು ಮುಟ್ಟಬೇಡ."

ಮುತ್ಯಾಲಮ್ಮ ನಂಬಿದಳು. ಬಡವರ ತಲೆಗೆ ತಪ್ಪು ಕಟ್ಟುವುದು ಎಷ್ಟು ಸಲೀಸು! ನಲ್ಲಿಯ ಕೆಳಗೆ ಕೈ ಉಜ್ಜಿ ಉಜ್ಜಿ ಚರ್ಮ ಕಿತ್ತುಕೊಂಡಳು. ಮೊಮ್ಮಗು ಅತ್ತರೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ತಾನೂ ಅಳುತ್ತಿದ್ದಳು.

ಆಮೇಲೆ ತಂಜೀಲಾಳ ಹೊಲಿಗೆಯಲ್ಲೂ ಕೀವಾಯಿತು. ಕಿಟಕಿ ಪಕ್ಕದ ಮಂಚದ ಮಮತಳದ್ದೂ ಅದೇ ಕಥೆ. ಹಬೀಬುನ್ನೀಸಾಳಿಗೆ ಅನುಮಾನ ಬಂತು.

"ಅಲ್ಲಾ ಮುತ್ಯಾಲಮ್ಮಾ, ನಾನು ಬಟ್ಟೆ ಹೊಲಿಯೋಳು. ನಮ್ಮನೆಗೆ ಕೋಳಿ ಬರೋದು ಸಾರಿಗೆ ಮಾತ್ರ. ನನ್ನ ಮಗಳಿಗೆ ಹೆಂಗೆ ಬಂತು?"

"ನಾನೇ ಏನಾದ್ರೂ ಮುಟ್ಬಿಟ್ನೇನೋ ಕಣಮ್ಮಾ."

"ನಾವು ಬರೋ ಹೊತ್ಗೇ ನೀನು ಹೊರಗಿದ್ದೆ. ಅದೆಲ್ಲಿ ಮುಟ್ದೆ?"

ಆ ಮಾತು ಮುತ್ಯಾಲಮ್ಮನ ತಲೆಯಲ್ಲಿ ಕೊರೆಯತೊಡಗಿತು. ಮಗಳ ಸೀರೆ ಒಣಗಿಸಲು ತಾರಸಿಗೆ ಹೋದಳು. ಅಲ್ಲಿ ಹಗ್ಗದ ತುಂಬ ಬಿಳಿ ಗ್ಲೌಸುಗಳು ನೇತಾಡುತ್ತಿದ್ದವು. ಆಯಾ ಪ್ರಮೋದಾ ಒಣಗಿದವನ್ನು ತೆಗೆದು ಪೌಡರ್ ಹಾಕುತ್ತಿದ್ದಳು.

"ಇದೇನಮ್ಮಾ ಇದು?"

ಪ್ರಮೋದಾ ತಬ್ಬಿಬ್ಬಾದಳು. "ಡ್ರೆಸ್ಸಿಂಗ್ ಮಾಡೋ ಗ್ಲೌಸು ಕಣಕ್ಕಾ. ತೊಳ್ದು ಒಣಗ್ಸಿ ಮತ್ತೆ ಕೆಳಗೆ ಕಳಿಸ್ಬೇಕು. ಒಂದ್ಸಲ ಹಾಕಿ ಬಿಸಾಕ್ಬೇಕು ಇದ್ನ. ನಾನು ಬಿಸಾಕಿದ್ರೆ ಡಾಕ್ಟ್ರು ನನ್ನೇ ಬಿಸಾಕ್ತಾರೆ."

"ಎಲ್ರ ಕೀವಿಗೂ ಇವೇನಾ?"

ಪ್ರಮೋದಾ ತಲೆ ತಗ್ಗಿಸಿದಳು. "ಇವೇ."

ಮುತ್ಯಾಲಮ್ಮ ಒಂದು ಜೊತೆ ಗ್ಲೌಸು ಕಿತ್ತುಕೊಂಡು ಇಳಿದಳು. ವಾರ್ಡಿನಲ್ಲಿ ಡಾಕ್ಟರು ಹೇಳುತ್ತಿದ್ದರು: "ದಿವ್ಯ ಕಡೆಯೋರು ಎಲ್ಲಿ? ಈ ಕೇಸು ನಮ್ಮ ಕೈ ಮೀರಿದೆ. ಬೆಂಗಳೂರಿಗೆ ಕರ್ಕೊಂಡು ಹೋಗ್ಲಿ."

ಮುತ್ಯಾಲಮ್ಮ ಹೊಸಿಲು ದಾಟಿ ಒಳಗೆ ಬಂದಳು.

"ಹೋಗ್ತೀವಿ ಸಾರ್. ನಿಮ್ಮ ಆಂಬುಲೆನ್ಸಲ್ಲಿ ಕಳಿಸಿ. ಕ್ರಿಮಿ ಇಲ್ಲೇ ಹತ್ತಿದ್ದು ಅಂತ ಅಲ್ಲಿನ ಆಸ್ಪತ್ರೆಯೋರಿಗೆ ಹೇಳಿ."

"ಏಯ್, ಯಾರು ನಿನ್ನ ಒಳಗೆ ಬಿಟ್ಟಿದ್ದು?"

ಅವಳು ಗ್ಲೌಸು ಮುಂದೆ ಹಿಡಿದಳು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ಅದು... ಅದು ತೊಳೆದಿರೋದು. ಕ್ಲೀನಾಗಿದೆ."

"ಕ್ಲೀನಾ? ಹಂಗಾದ್ರೆ ಹಾಕ್ಕೊಳ್ಳಿ. ಹಾಕ್ಕೊಂಡು ನಿಮ್ಮ ಬಾಯಿ ಒರೆಸ್ಕೊಳ್ಳಿ."

ಡಾಕ್ಟರ ಎರಡೂ ಕೈ ಕೋಟಿನ ಜೇಬಿಗೆ ಹೋದವು. ವಾರ್ಡಿನವರೆಲ್ಲ ಅದನ್ನು ನೋಡಿದರು. ತಂಜೀಲಾ ಹೊಲಿಗೆ ಒತ್ತಿ ಹಿಡಿದು ಎದ್ದು ಕೂತಳು. ಮಮತಳ ಗಂಡ ಬೈರೇಶ ಬಾಗಿಲಿಗೆ ಅಡ್ಡ ನಿಂತ. ತಾರಸಿಯಿಂದ ಇಳಿದು ಬಂದ ಪ್ರಮೋದಾ, ಹಗ್ಗದ ಸಮೇತ ಉಳಿದ ಗ್ಲೌಸುಗಳನ್ನೆಲ್ಲ ಡಾಕ್ಟರ ಕಾಲ ಬಳಿ ಸುರಿದಳು.

"ಆಂಬುಲೆನ್ಸ್ ಕರೀರಿ ಸಾರ್," ಎಂದ ಬೈರೇಶ. "ಮೂರು ಜನಕ್ಕೂ ಕರೀರಿ. ಅಲ್ಲೀವರೆಗೂ ನೀವೂ ಇಲ್ಲೇ ಇರಿ."

ದಿವ್ಯ ಉಳಿಯುತ್ತಾಳೋ ಇಲ್ಲವೋ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮುತ್ಯಾಲಮ್ಮ ಹಬೀಬುನ್ನೀಸಾಳ ಕಡೆ ತಿರುಗಿ, ಚರ್ಮ ಕಿತ್ತ ಎರಡೂ ಕೈ ಚಾಚಿದಳು.

"ಕೊಡಮ್ಮಾ ನನ್ನ ಮೊಮ್ಮಗೂನ."